ಹೊಟ್ಟೆ ಆಪರೇಷನ್ ಆದವರು ಹೇಗೆ ಕೂರಬೇಕು, ಹೇಗೆ ಮಲಗಬೇಕು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಒಂದು ಸಣ್ಣ ಪರೀಕ್ಷೆ. ಕೂತಿರುವ ಕುರ್ಚಿಯಲ್ಲೇ ಸ್ವಲ್ಪ ಮುಂದಕ್ಕೆ ಜಾರಿ. ಬೆನ್ನು ಬಾಗಲಿ, ಗದ್ದ ಎದೆಯ ಹತ್ತಿರ ಬರಲಿ, ಹೊಟ್ಟೆ ಮಡಚಿಕೊಳ್ಳಲಿ. ಈಗ ಆದಷ್ಟು ಉದ್ದಕ್ಕೆ ಉಸಿರು ಎಳೆದುಕೊಳ್ಳಿ. ಅರ್ಧದಲ್ಲೇ ಎಲ್ಲೋ ತಡೆದ ಹಾಗಾಯ್ತು, ಅಲ್ವಾ? ಈಗ ಸೊಂಟವನ್ನು ಕುರ್ಚಿಯ ಹಿಂಬದಿಗೆ ಒತ್ತಿ ಕೂತು, ಬೆನ್ನು ನೆಟ್ಟಗೆ ಮಾಡಿ, ಇನ್ನೊಮ್ಮೆ ಎಳೆಯಿರಿ. ಈ ಸಲ ಉಸಿರು ಪಕ್ಕೆಲುಬಿನ ಕೆಳಗಿನ ತನಕ ಇಳಿಯಿತು.

ಎರಡು ಸಲವೂ ನೀವು ಕೂತೇ ಇದ್ದಿರಿ. ಆದರೆ ಶ್ವಾಸಕೋಶಕ್ಕೆ ಸಿಕ್ಕ ಜಾಗ ಒಂದೇ ಅಲ್ಲ. ಇವತ್ತು ನಾನು ಮುಖ್ಯವಾಗಿ ಹೇಳಬೇಕು ಅಂತ ಬಂದಿರುವುದು ಇದನ್ನೇ. ಹೊಟ್ಟೆ ಆಪರೇಷನ್ ಆದವರನ್ನು ಕೂರಿಸಿದ್ದೇವೆ ಅಂತ ಮನೆಯವರು ನೆಮ್ಮದಿಯಿಂದ ಇರುತ್ತಾರೆ. ಮಂಚದ ಹತ್ತಿರ ಹೋಗಿ ನೋಡಿದರೆ ರೋಗಿ ನೀವು ಮೊದಲು ಕೂತ ಹಾಗೆ ಕುಸಿದು ಕೂತಿರುತ್ತಾರೆ. ಹೊಲಿಗೆ ಹಾಕಿದ ಹೊಟ್ಟೆ ಮಡಚಿಕೊಂಡಿರುತ್ತದೆ, ಉಸಿರು ಮೇಲೆ ಮೇಲೆ ಆಡುತ್ತಿರುತ್ತದೆ.

ಉಸಿರಾಟದ ಕೆಲಸ ಎಲ್ಲಿ ನಡೆಯುತ್ತದೆ ಅನ್ನುವುದರಿಂದ ಶುರು ಮಾಡೋಣ. ಎದೆಗೂಡಿಗೂ ಹೊಟ್ಟೆಗೂ ನಡುವೆ ಒಂದು ತೆಳ್ಳಗಿನ ಸ್ನಾಯು ಇದೆ. ಶಾಲೆಯ ಪುಸ್ತಕದಲ್ಲಿ ಅದನ್ನು ವಪೆ ಅಂತ ಓದಿರುತ್ತೀರಿ, ಆಸ್ಪತ್ರೆಯಲ್ಲಿ ಡಯಾಫ್ರಂ ಅನ್ನುತ್ತಾರೆ. ಸುಮ್ನೆ ಕೂತಿದ್ದಾಗ ಉಸಿರು ಎಳೆದುಕೊಳ್ಳುವ ಕೆಲಸದ ಬಹುಪಾಲು ಈ ವಪೆಯದ್ದೇ. ಸಾಮಾನ್ಯ ಉಸಿರಿನಲ್ಲಿ ಅದು ಒಂದೂವರೆ ಸೆಂಟಿಮೀಟರಿನಷ್ಟು ಕೆಳಗೆ ಸರಿಯುತ್ತದೆ. ಉದ್ದನೆಯ ಉಸಿರಿನಲ್ಲಿ ಅದರ ಹಲವು ಪಟ್ಟು. ವಪೆ ಕೆಳಗೆ ಸರಿಯಬೇಕಾದರೆ ಅದರ ಕೆಳಗಿರುವ ಲಿವರ್, ಜಠರ, ಕರುಳು ಎಲ್ಲವೂ ಜಾಗ ಬಿಡಬೇಕು. ನೆಟ್ಟಗೆ ನಿಂತಾಗ ಇವೆಲ್ಲ ತಮ್ಮ ಭಾರಕ್ಕೆ ತಾವೇ ಕೆಳಗಿಳಿದು ಜಾಗ ಬಿಡುತ್ತವೆ. ಅಂಗಾತ ಮಲಗಿದಾಗ ಅದೇ ಭಾರ ವಪೆಯನ್ನು ಎದೆಯ ಕಡೆಗೆ ತಳ್ಳುತ್ತದೆ.

ಇದರ ಲೆಕ್ಕ ನೋಡಿ. ನೀವು ಸಹಜವಾಗಿ ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಪೂರ್ತಿ ಖಾಲಿ ಆಗುವುದಿಲ್ಲ. ದೊಡ್ಡವರಲ್ಲಿ, ನೆಟ್ಟಗಿರುವಾಗ, ಸುಮಾರು 2.5ರಿಂದ 3 ಲೀಟರ್ ಗಾಳಿ ಒಳಗೇ ಉಳಿದಿರುತ್ತದೆ. ಸಣ್ಣ ಸಣ್ಣ ಗಾಳಿಚೀಲಗಳು ಮುಚ್ಚಿಹೋಗದೆ ತೆರೆದಿರುವುದು ಈ ಉಳಿಕೆಯಿಂದ. ಅಂಗಾತ ಮಲಗಿದರೆ ಸಾಕು, ಇದರಲ್ಲಿ ಅರ್ಧ ಲೀಟರಿನಿಂದ ಒಂದು ಲೀಟರ್ ಕಡಿಮೆಯಾಗುತ್ತದೆ. ಇನ್ನೂ ಆಪರೇಷನ್ನೇ ಆಗಿಲ್ಲ, ಸುಮ್ನೆ ಮಲಗಿದ್ದಷ್ಟೇ.

ಉಳಿಕೆ ಗಾಳಿ ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಶ್ವಾಸಕೋಶದ ತಳಭಾಗದ ಸಣ್ಣ ಕೊಳವೆಗಳು ಮುಚ್ಚಿಕೊಳ್ಳಲು ಶುರುವಾಗುತ್ತವೆ. ವಯಸ್ಸಾದಂತೆ ಆ ಮಟ್ಟ ಮೇಲೇರುತ್ತಾ ಹೋಗುತ್ತದೆ. ಸುಮಾರು 45 ವರ್ಷದ ಹೊತ್ತಿಗೆ, ಅಂಗಾತ ಮಲಗಿದಾಗ ಸಹಜ ಉಸಿರಾಟದಲ್ಲೇ ಕೆಲವು ಕೊಳವೆಗಳು ಮುಚ್ಚತೊಡಗುತ್ತವೆ. ನೆಟ್ಟಗೆ ಕೂತಾಗ ಹೀಗಾಗುವುದು 65ರ ಆಸುಪಾಸಿನಲ್ಲಿ. ಅಂದರೆ ಭಂಗಿ ಬದಲಾಯಿಸಿದ್ದಕ್ಕೆ ಇಪ್ಪತ್ತು ವರ್ಷದ ವ್ಯತ್ಯಾಸ. ನನಗೆ ಈ ಸಂಗತಿ ತುಂಬಾ ದೊಡ್ಡದಾಗಿ ಕಾಣುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಇಷ್ಟು ಲಾಭ ಕೊಡುವ ಚಿಕಿತ್ಸೆ ಆಸ್ಪತ್ರೆಯಲ್ಲಿ ಜಾಸ್ತಿ ಇಲ್ಲ.

ಇದರ ಮೇಲೆ ಈಗ ಆಪರೇಷನ್ ಸೇರಿಸಿ. ಪೂರ್ತಿ ಅರಿವಳಿಕೆ ಕೊಟ್ಟಾಗ ಉಳಿಕೆ ಗಾಳಿ ಇನ್ನಷ್ಟು ಇಳಿಯುತ್ತದೆ. ಸ್ವೀಡನ್ನಿನ ಸಂಶೋಧಕರು 1980ರ ದಶಕದಲ್ಲಿ ಅರಿವಳಿಕೆಯಲ್ಲಿದ್ದವರ ಎದೆಯನ್ನು ಸಿ.ಟಿ. ಸ್ಕ್ಯಾನಿನಲ್ಲಿ ನೋಡಿದರು. ಹತ್ತರಲ್ಲಿ ಒಂಬತ್ತು ಜನರಲ್ಲಿ, ಅದೂ ಕೆಲವೇ ನಿಮಿಷಗಳಲ್ಲಿ, ಶ್ವಾಸಕೋಶದ ಹಿಂಭಾಗದ ಒಂದು ಪಟ್ಟಿ ಗಾಳಿಯಿಲ್ಲದೆ ಕುಗ್ಗಿರುವುದು ಕಂಡಿತು. ಆರೋಗ್ಯವಂತ ಶ್ವಾಸಕೋಶ ಇದ್ದವರಲ್ಲೂ ಹೀಗೇ. ಹಿಂಭಾಗವೇ ಯಾಕೆ? ಅಂಗಾತ ಮಲಗಿದಾಗ ಕೆಳಗೆ ಬರುವುದು ಅದೇ ಭಾಗ.

ಸಣ್ಣ ಆಪರೇಷನ್ ಆದವರಲ್ಲಿ ಇದು ಒಂದು ದಿನದೊಳಗೆ ಸರಿಹೋಗುವುದೇ ಹೆಚ್ಚು. ಹೊಟ್ಟೆ, ಅದರಲ್ಲೂ ಹೊಕ್ಕುಳಿನ ಮೇಲಿನ ಹೊಟ್ಟೆ ಕೊಯ್ದವರಲ್ಲಿ ಹಾಗಾಗುವುದಿಲ್ಲ. 1933ರಲ್ಲಿ ಹೆನ್ರಿ ಬೀಚರ್ ಎಂಬ ವೈದ್ಯರು ಹೊಟ್ಟೆ ಆಪರೇಷನ್ ಆದವರ ಉಸಿರಾಟವನ್ನು ಅಳೆದು ನೋಡಿದ್ದರು. ಆಮೇಲೆ ಹಲವರು ಅಳೆದಿದ್ದಾರೆ. ಮೇಲ್ಹೊಟ್ಟೆ ತೆರೆದು ಆಪರೇಷನ್ ಮಾಡಿದ ಮೊದಲ ಒಂದೆರಡು ದಿನ, ಒಂದೇ ಉಸಿರಿನಲ್ಲಿ ಎಳೆದು ಬಿಡಬಹುದಾದ ಗಾಳಿ ಹಿಂದಿನದರ ಅರ್ಧಕ್ಕೆ ಇಳಿದಿರುತ್ತದೆ. ಮೊದಲಿನ ಸ್ಥಿತಿಗೆ ಬರಲು ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ಕೆಳಹೊಟ್ಟೆಯ ಆಪರೇಷನ್ನಿನಲ್ಲಿ ಇಳಿಕೆ ಕಡಿಮೆ. ಸಣ್ಣ ತೂತಿನ ಲ್ಯಾಪರೋಸ್ಕೋಪಿಯಲ್ಲೂ ಕಡಿಮೆ, ಆದರೆ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ.

ನೋವಿಗೆ ಹೆದರಿ ಉಸಿರು ಎಳೆಯುವುದಿಲ್ಲ, ಅಷ್ಟೇ ತಾನೇ, ನೋವಿನ ಔಷಧ ಕೊಟ್ಟರಾಯ್ತು ಅಂತ ನಿಮಗೆ ಅನ್ನಿಸಬಹುದು. ನೋವು ಒಂದು ಕಾರಣ, ನಿಜ. ನೋವು ಕಡಿಮೆ ಮಾಡದೆ ಯಾರಿಗೂ "ಉಸಿರೆಳೀರಿ, ಕೆಮ್ಮಿ" ಅಂತ ಹೇಳುವುದು ಕ್ರೂರ ಅಂತಲೇ ನಾನು ಭಾವಿಸುತ್ತೇನೆ. ಆದರೆ ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ನರಗಳ ಹತ್ತಿರವೇ ಔಷಧ ಕೊಡುವ ಎಪಿಡ್ಯೂರಲ್ ಮೂಲಕ ನೋವನ್ನು ಚೆನ್ನಾಗಿ ತಗ್ಗಿಸಿದ ಮೇಲೂ ವಪೆ ಸೋಮಾರಿಯಾಗಿಯೇ ಇರುವುದನ್ನು ಅಳೆದು ತೋರಿಸಿದ್ದಾರೆ. ಮೇಲ್ಹೊಟ್ಟೆಯ ಅಂಗಗಳನ್ನು ಮುಟ್ಟಿ ಎಳೆದಾಡಿದಾಗ ಅಲ್ಲಿನ ನರಗಳಿಂದ ಹೋಗುವ ಸಂದೇಶ, ವಪೆಗೆ ಬರುವ ಅಪ್ಪಣೆಯನ್ನೇ ತಗ್ಗಿಸುತ್ತದೆ. ರೋಗಿ ಬೇಕಂತ ಮಾಡುವುದಲ್ಲ ಇದು. "ಸ್ವಲ್ಪ ಧೈರ್ಯ ಮಾಡಮ್ಮಾ" ಅಂತ ಗದರಿದರೆ ವಪೆ ಕೆಲಸ ಶುರು ಮಾಡುವುದಿಲ್ಲ. ಕೆಲಸ ಮಾಡಲಾರದ ವಪೆಯ ಮೇಲೆ ಕರುಳಿನ ಭಾರವನ್ನೂ ಹೇರಬೇಡಿ ಅನ್ನುವುದಷ್ಟೇ ನಮ್ಮ ಕೈಯಲ್ಲಿರುವುದು. ಅಲ್ಲಿ ಭಂಗಿಯ ಕೆಲಸ ಬರುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ನಾವೆಲ್ಲ ಗೊತ್ತಿಲ್ಲದೆಯೇ ಗಂಟೆಗೆ ಹಲವು ಸಲ ನಿಟ್ಟುಸಿರು ಬಿಡುತ್ತೇವೆ. ಬೇಸರಕ್ಕಲ್ಲ, ಮುಚ್ಚಿಕೊಂಡ ಗಾಳಿಚೀಲಗಳನ್ನು ಮತ್ತೆ ತೆರೆಯಲು ದೇಹ ತಾನಾಗಿ ಎಳೆಯುವ ಉದ್ದ ಉಸಿರು ಅದು. ಹೊಟ್ಟೆ ಆಪರೇಷನ್ ಆದವರಲ್ಲಿ ಇದು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಉಸಿರು ಚಿಕ್ಕದು, ಬೇಗ ಬೇಗ, ಒಂದೇ ಅಳತೆಯದು. ಕೆಮ್ಮಲೂ ಬಲ ಇರುವುದಿಲ್ಲ, ಕಫ ಅಲ್ಲಲ್ಲೇ ನಿಲ್ಲುತ್ತದೆ. ಕುಗ್ಗಿದ ಭಾಗದಲ್ಲಿ ಕಫ ನಿಂತರೆ ನ್ಯುಮೋನಿಯಾಕ್ಕೆ ದಾರಿ. ಆಪರೇಷನ್ ಆದ ಮೇಲೆ ಶ್ವಾಸಕೋಶ ಹೀಗೆ ಕುಸಿಯುವುದನ್ನು ಇಂಗ್ಲೆಂಡಿನ ವಿಲಿಯಂ ಪಾಶ್ಚರ್ 1908ರಲ್ಲೇ ಒಂದು ಉಪನ್ಯಾಸದಲ್ಲಿ ವಿವರಿಸಿ, ವಪೆ ಕೆಲಸ ನಿಲ್ಲಿಸುವುದರ ಕಡೆ ಬೆರಳು ತೋರಿಸಿದ್ದರು. ನೂರು ವರ್ಷ ದಾಟಿದೆ. ಇವತ್ತಿಗೂ ರೋಗಿಯನ್ನು ಅಂಗಾತ ಮಲಗಿಸಿ "ರೆಸ್ಟ್ ತಗೊಳ್ಳಲಿ" ಅನ್ನುವವರು ಇದ್ದಾರೆ.

ಹಾಗಾದರೆ ಏನು ಮಾಡಬೇಕು?

ಮಂಚದ ತಲೆಭಾಗವನ್ನು ಕನಿಷ್ಠ 30 ಡಿಗ್ರಿ ಎತ್ತಿಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ಸರಿಯಾದ ಮಾತು. 45 ಡಿಗ್ರಿಯ ಸುತ್ತಮುತ್ತ ಅರ್ಧ ಕೂತ ಹಾಗಿರುವುದಕ್ಕೆ ಫೌಲರ್ ಭಂಗಿ ಅನ್ನುತ್ತಾರೆ. ಜಾರ್ಜ್ ಫೌಲರ್ ಎಂಬ ಅಮೆರಿಕದ ಸರ್ಜನ್ 1900ರಲ್ಲಿ ಇದನ್ನು ಪ್ರಚಾರಕ್ಕೆ ತಂದಾಗ ಅವರ ತಲೆಯಲ್ಲಿದ್ದದ್ದು ಉಸಿರಾಟವಲ್ಲ. ಹೊಟ್ಟೆಯೊಳಗಿನ ಕೀವು ಕೆಳಗಿಳಿಯಲಿ ಅಂತ ಅವರು ತಲೆಭಾಗ ಎತ್ತಿಸಿದರು. ಬೇರೆ ಕಾರಣಕ್ಕೆ ಬಂದ ಭಂಗಿ ಉಸಿರಿಗೂ ಒದಗಿತು.

ತೊಂದರೆ ಇರುವುದು ತಲೆಭಾಗ ಎತ್ತಿದ ಮೇಲೆ. ಅರ್ಧ ಗಂಟೆ ಬಿಟ್ಟು ಬಂದು ನೋಡಿ. ರೋಗಿ ಕಾಲಿನ ಕಡೆಗೆ ಜಾರಿರುತ್ತಾರೆ. ಹಿಮ್ಮಡಿ ಮಂಚದ ಕೊನೆಗೆ ತಾಗುತ್ತಿರುತ್ತದೆ. ಮಂಚ ಮಡಚುವ ಜಾಗ ಈಗ ಸೊಂಟದ ಹತ್ತಿರ ಇಲ್ಲ, ಪಕ್ಕೆಲುಬಿನ ಹತ್ತಿರ ಬಂದಿದೆ. ಅಂದರೆ ದೇಹ ಸೊಂಟದಲ್ಲಿ ಮಡಚುವ ಬದಲು ಹೊಟ್ಟೆಯ ನಡುವೆ ಮಡಚಿದೆ. ಎರಡು ದಿಂಬು ಕತ್ತಿನ ಹಿಂದೆ ಸಿಕ್ಕಿಕೊಂಡು ಗದ್ದವನ್ನು ಎದೆಗೆ ಒತ್ತುತ್ತಿವೆ. ಮಂಚದ ಅಳತೆಪಟ್ಟಿ 45 ಅಂತಲೇ ತೋರಿಸುತ್ತದೆ. ಆದರೆ ಹೊಟ್ಟೆಯೊಳಗಿನ ಒತ್ತಡ ಹೆಚ್ಚಾಗಿ ವಪೆ ಮೇಲಕ್ಕೆ ತಳ್ಳಲ್ಪಟ್ಟಿದೆ. ಸಪಾಟಾಗಿ ಮಲಗಿದ್ದರೂ ಇದಕ್ಕಿಂತ ವಾಸಿ ಇತ್ತೇನೋ ಅನ್ನುವ ಸ್ಥಿತಿ. ದಪ್ಪ ಹೊಟ್ಟೆಯವರಲ್ಲಿ, ಹೊಟ್ಟೆ ಉಬ್ಬರಿಸಿದವರಲ್ಲಿ ಇನ್ನೂ ಕಷ್ಟ.

ಆದ್ದರಿಂದ ಡಿಗ್ರಿ ನೋಡುವುದಕ್ಕಿಂತ ಮೊದಲು ಸೊಂಟ ಎಲ್ಲಿದೆ ನೋಡಿ. ಮಂಚ ಎಲ್ಲಿ ಮಡಚುತ್ತದೋ ಸೊಂಟದ ಮಡಿಕೆ ಅಲ್ಲೇ ಇರಬೇಕು. ಮೊದಲು ಮಂಚವನ್ನು ಸಪಾಟು ಮಾಡಿ. ರೋಗಿಗೆ ಮೊಣಕಾಲು ಮಡಚಿ, ಆಗುವುದಾದರೆ ಪಾದ ಒತ್ತಿ ಸಹಾಯ ಮಾಡಲು ಹೇಳಿ. ಇಬ್ಬರು ಎರಡು ಕಡೆ ನಿಂತು ಅಡಿಯ ಬಟ್ಟೆ ಹಿಡಿದು ಮೇಲಕ್ಕೆ ಸರಿಸಿ. ಕಂಕುಳಿಗೆ ಕೈ ಹಾಕಿ ಎಳೆಯಬೇಡಿ, ಭುಜಕ್ಕೆ ಪೆಟ್ಟು. ಸರಿಸಿದ ಮೇಲೆ ಮೊದಲು ಮೊಣಕಾಲಿನ ಭಾಗವನ್ನು ಸ್ವಲ್ಪ ಎತ್ತಿ, ಆಮೇಲೆ ತಲೆಭಾಗ. ಈ ಕ್ರಮ ತಪ್ಪಿದರೆ ಮತ್ತೆ ಜಾರುತ್ತಾರೆ. ಮಂಚಕ್ಕೆ ಮೊಣಕಾಲು ಎತ್ತುವ ವ್ಯವಸ್ಥೆ ಇಲ್ಲದಿದ್ದರೆ ತೊಡೆಯ ಕೆಳಗೆ ದಿಂಬು ಕೊಡಿ. ಮೊಣಕಾಲಿನ ಹಿಂಬದಿಯ ಗುಳಿಯಲ್ಲೇ ಗಟ್ಟಿ ದಿಂಬು ಗಂಟೆಗಟ್ಟಲೆ ಇಡಬಾರದು, ಕಾಲಿನ ರಕ್ತ ಹರಿಯುವುದಕ್ಕೆ ತಡೆ. ತಲೆಗೆ ಒಂದೇ ದಿಂಬು ಸಾಕು. ಎರಡನೆಯದನ್ನು ನಡುಬೆನ್ನಿಗೆ ಕೊಡಿ. ಎರಡು ಕೈಗಳ ಕೆಳಗೂ ಒಂದೊಂದು ದಿಂಬು ಇಟ್ಟರೆ ಭುಜ ಸಡಿಲವಾಗಿ ಎದೆ ತೆರೆದುಕೊಳ್ಳುತ್ತದೆ.

ಹೀಗೆ ಮಾಡಿದ ಕೂಡಲೇ ಬೆರಳಿಗೆ ಹಾಕಿದ ಆಕ್ಸಿಮೀಟರ್ ನೋಡುವುದು ನನ್ನ ಅಭ್ಯಾಸ. ಎಲ್ಲರಲ್ಲೂ ಅಂಕ ಏರುತ್ತದೆ ಅಂತ ಹೇಳಲಾರೆ. ಆದರೆ ಉಸಿರಿನ ಎಣಿಕೆ ಇಳಿಯುವುದನ್ನು, ಕತ್ತಿನ ಸ್ನಾಯುಗಳು ಎಳೆದಾಡುವುದು ನಿಲ್ಲುವುದನ್ನು, ಮುಖ ಸಡಿಲವಾಗುವುದನ್ನು ಪಕ್ಕದಲ್ಲೇ ನಿಂತವರೂ ಗುರುತಿಸುತ್ತಾರೆ.

ದಿನವಿಡೀ ಒಂದೇ ಭಂಗಿಯಲ್ಲಿ ಇರಲಾಗುವುದಿಲ್ಲ, ಇರಲೂಬಾರದು. ಮಗ್ಗುಲಾಗಿ ಮಲಗುವುದು ಒಳ್ಳೆಯದು. ಆಗ ಹೊಟ್ಟೆಯ ಭಾರ ವಪೆಯ ಮೇಲೆ ಬೀಳುವುದು ಕಡಿಮೆಯಾಗಿ ಮುಂದಕ್ಕೆ ಇಳಿಯುತ್ತದೆ. ಉಳಿಕೆ ಗಾಳಿ ಅಂಗಾತ ಮಲಗಿದ್ದಕ್ಕಿಂತ ಹೆಚ್ಚು, ಕೂತದ್ದಕ್ಕಿಂತ ಕಡಿಮೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಒಂದು, ಹೊಟ್ಟೆಗೆ ಆನಿಸಲು ಒಂದು ಚಿಕ್ಕದು. ಒಂದು ಕಡೆಯ ಶ್ವಾಸಕೋಶಕ್ಕೆ ಮಾತ್ರ ತೊಂದರೆ ಆಗಿದ್ದರೆ, ದೊಡ್ಡವರಲ್ಲಿ ಸಾಮಾನ್ಯವಾಗಿ ಚೆನ್ನಾಗಿರುವ ಕಡೆಯನ್ನು ಕೆಳಗೆ ಮಾಡಿ ಮಲಗಿಸುತ್ತೇವೆ. ಕೆಳಗಿನ ಶ್ವಾಸಕೋಶಕ್ಕೆ ರಕ್ತ ಜಾಸ್ತಿ ಹರಿಯುತ್ತದೆ, ಅಲ್ಲಿ ಗಾಳಿಯೂ ಆಡುತ್ತಿದ್ದರೆ ರಕ್ತಕ್ಕೆ ಆಮ್ಲಜನಕ ಚೆನ್ನಾಗಿ ಸೇರುತ್ತದೆ. ಯಾವ ಕಡೆ ಅನ್ನುವುದನ್ನು ಮಾತ್ರ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿಯೇ ಮಾಡಿ.

ರಾತ್ರಿಯ ಬಗ್ಗೆ ಒಂದು ಮಾತು. ಹಗಲೆಲ್ಲ ಚೆನ್ನಾಗಿ ಕೂರಿಸಿ, ರಾತ್ರಿ ಲೈಟ್ ಆರಿಸುವಾಗ ಮಂಚ ಸಪಾಟು ಮಾಡಿಬಿಡುತ್ತಾರೆ. ಆಪರೇಷನ್ ಆದ ಎರಡನೆಯ, ಮೂರನೆಯ ರಾತ್ರಿಗಳಲ್ಲಿ ನಿದ್ದೆಯ ನಡುವೆ ಆಮ್ಲಜನಕ ಇಳಿಯುವುದು ಸಾಮಾನ್ಯ. ಮಾರ್ಫಿನ್ ಜಾತಿಯ ನೋವಿನ ಔಷಧ, ಗೊರಕೆಯ ಕಾಯಿಲೆ ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಅಂಥವರು ರಾತ್ರಿಯೂ ತಲೆಭಾಗ ಎತ್ತಿಕೊಂಡೋ, ಮಗ್ಗುಲಾಗಿಯೋ ಮಲಗಲಿ.

ಇನ್ನು ಮಂಚದಿಂದ ಇಳಿಯುವ ವಿಷಯ. ಕುರ್ಚಿಯಲ್ಲಿ ಕೂರುವುದು ಮಂಚದ ಮೇಲೆ ಕೂರುವುದಕ್ಕಿಂತ ಉತ್ತಮ. ನಿಲ್ಲುವುದು, ನಡೆಯುವುದು ಅದಕ್ಕಿಂತಲೂ ಉತ್ತಮ. ನಡೆದಾಗ ದೇಹವೇ ದೊಡ್ಡ ಉಸಿರು ಕೇಳುತ್ತದೆ, ನಾವು ಹೇಳಿಕೊಡಬೇಕಿಲ್ಲ. ಶಿಕಾಗೋದ ಎಮಿಲ್ ರೀಸ್ 1899ರಲ್ಲೇ ತಮ್ಮ ರೋಗಿಗಳನ್ನು ಆಪರೇಷನ್ ಆದ ಒಂದೆರಡು ದಿನದಲ್ಲಿ ಎಬ್ಬಿಸುತ್ತಿದ್ದರು. ಆ ಕಾಲದಲ್ಲಿ ಎರಡು ಮೂರು ವಾರ ಮಲಗಿಸಿಡುವುದೇ ರೂಢಿ, ಹಾಗಾಗಿ ಅವರ ಮಾತನ್ನು ಹೆಚ್ಚು ಜನ ಕೇಳಲಿಲ್ಲ. 1940ರ ದಶಕದಲ್ಲಿ ಡ್ಯಾನಿಯಲ್ ಲೈಟ್‌ಹೌಸರ್ ಎಂಬ ಸರ್ಜನ್ ಪಟ್ಟು ಹಿಡಿದು ಇದನ್ನೇ ಹೇಳಿದ ಮೇಲೆ, ಮಹಾಯುದ್ಧದ ಒತ್ತಡವೂ ಸೇರಿ, ಬೇಗ ಎಬ್ಬಿಸುವುದು ವಾಡಿಕೆಗೆ ಬಂತು.

ಏಳುವ ರೀತಿ ಮುಖ್ಯ. ಅಂಗಾತ ಮಲಗಿದವರು ನೇರವಾಗಿ ಎದ್ದು ಕೂರಲು ಹೋದರೆ ಹೊಟ್ಟೆಯ ಸ್ನಾಯು ಪೂರ್ತಿ ಬಿಗಿಯುತ್ತದೆ, ಪ್ರಾಣ ಹೋಗುವಷ್ಟು ನೋವು. ಆ ಒಂದು ನೋವಿನಿಂದಲೇ ಎಷ್ಟೋ ಜನ ಮತ್ತೆ ಏಳಲು ಒಪ್ಪುವುದಿಲ್ಲ. ಮೊದಲು ಮೊಣಕಾಲು ಮಡಚಲಿ. ಭುಜ, ಸೊಂಟ ಎರಡೂ ಒಟ್ಟಿಗೆ ತಿರುಗಿ ಮಗ್ಗುಲಾಗಲಿ. ಕಾಲುಗಳನ್ನು ಮಂಚದಿಂದ ಕೆಳಗೆ ಬಿಡುತ್ತಲೇ ಮೊಣಕೈ ಊರಿ, ಅಂಗೈ ಒತ್ತಿ ಮೇಲೆ ಬರಲಿ. ಅಂಚಿನಲ್ಲಿ ಕೂತು ಒಂದೆರಡು ನಿಮಿಷ ಪಾದ ಆಡಿಸಲಿ. ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಿ. ಮೊದಲ ಸಲ ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಜೊತೆಗಿರಲೇಬೇಕು. ಬಿ.ಪಿ. ತೀರಾ ಇಳಿದಿದ್ದರೆ, ರಕ್ತಸ್ರಾವ ಇದ್ದರೆ, ಮಲಗಿಯೇ ಇರಿ ಅಂತ ಸರ್ಜನ್ ಹೇಳಿದ್ದರೆ ಇದ್ಯಾವುದೂ ಬೇಡ.

ಕೆಮ್ಮು ಕೂಡ ಕೂತೇ ಕೆಮ್ಮಬೇಕು. ಕಾಲು ನೆಲಕ್ಕೆ ಊರಿ, ತುಸು ಮುಂದೆ ಬಾಗಿ, ದಿಂಬನ್ನು ಗಾಯದ ಮೇಲೆ ಎರಡು ಕೈಯಿಂದ ಗಟ್ಟಿಯಾಗಿ ಅಪ್ಪಿ ಹಿಡಿದು ಕೆಮ್ಮಿದರೆ ನೋವು ಎಷ್ಟೋ ಕಡಿಮೆ. ಅದೂ ಆಗದಿದ್ದರೆ, ಕನ್ನಡಕದ ಗಾಜು ಒರೆಸುವ ಮೊದಲು ಹಬೆ ಬಿಡುತ್ತೇವಲ್ಲ, ಹಾಗೆ ಬಾಯಿ ತೆರೆದು "ಹಾ" ಅಂತ ಜೋರಾಗಿ ಗಾಳಿ ಬಿಡಿ. ಕಫ ಮೇಲಕ್ಕೆ ಬರುತ್ತದೆ. ಆಮೇಲೆ ಒಂದು ಸಣ್ಣ ಕೆಮ್ಮು ಸಾಕು.

ಇದನ್ನೆಲ್ಲ ಹೇಳಿಕೊಡಬೇಕಾದ್ದು ಆಪರೇಷನ್ನಿಗೆ ಮೊದಲು. ನೋವಿನಲ್ಲಿ, ಮಂಪರಿನಲ್ಲಿ ಇರುವವರಿಗೆ ಹೊಸ ಪಾಠ ತಲೆಗೆ ಹೋಗುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಆಸ್ಪತ್ರೆಗಳಲ್ಲಿ ಮೇಲ್ಹೊಟ್ಟೆ ಆಪರೇಷನ್ನಿಗೆ ಬಂದ 441 ಜನರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದು ಪುಸ್ತಿಕೆ ಕೊಟ್ಟರು. ಅರ್ಧದಷ್ಟು ಜನರಿಗೆ ಮಾತ್ರ ಫಿಸಿಯೋಥೆರಪಿಸ್ಟ್ ಒಂದೇ ಸಲ, 30 ನಿಮಿಷ ಕೂತು, ಶ್ವಾಸಕೋಶಕ್ಕೆ ಏನಾಗುತ್ತದೆ, ಎಚ್ಚರ ಆದ ಕೂಡಲೇ ಉಸಿರಿನ ವ್ಯಾಯಾಮ ಹೇಗೆ ಶುರು ಮಾಡಬೇಕು ಅಂತ ಹೇಳಿಕೊಟ್ಟರು. ಪುಸ್ತಿಕೆ ಮಾತ್ರ ಸಿಕ್ಕವರಲ್ಲಿ ಶೇ. 27 ಜನರಿಗೆ ಶ್ವಾಸಕೋಶದ ತೊಂದರೆ ಬಂತು. ಹೇಳಿಸಿಕೊಂಡವರಲ್ಲಿ ಶೇ. 12. ಯಂತ್ರ ಇಲ್ಲ, ಔಷಧ ಇಲ್ಲ, ಅರ್ಧ ಗಂಟೆಯ ಮಾತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಆಪರೇಷನ್ ದಿನ ಗೊತ್ತಾಗಿದ್ದರೆ, ಆ ಅರ್ಧ ಗಂಟೆಯನ್ನು ನೀವೇ ಕೇಳಿ ಪಡೆಯಿರಿ. ಸಂಕೋಚ ಬೇಡ.

ಉಪನ್ಯಾಸದ ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

"ಮೂರು ಚೆಂಡಿನ ಉಸಿರಿನ ಮೀಟರ್ ಕೊಡ್ತಾರಲ್ಲ ಡಾಕ್ಟ್ರೇ, ಅದನ್ನ ಊದಿದ್ರೆ ಸಾಕಾಗಲ್ವಾ?"

ಅದನ್ನು ಊದಬಾರದು, ಎಳೆಯಬೇಕು. ಇಷ್ಟನ್ನು ಹೇಳಿಕೊಡದೆಯೇ ಕೈಗೆ ಕೊಡುವುದುಂಟು. ಅದೊಂದರಿಂದಲೇ ನ್ಯುಮೋನಿಯಾ ತಪ್ಪುತ್ತದೆ ಅಂತ ಅಧ್ಯಯನಗಳು ತೋರಿಸಿಲ್ಲ. ಚೆಂಡು ಕಣ್ಣಿಗೆ ಕಾಣುವುದರಿಂದ ಕೆಲವರಿಗೆ ಹುರುಪು ಬರುತ್ತದೆ, ಬಳಸಲಿ. ಆದರೆ ಕುಸಿದು ಮಲಗಿ ಎಳೆದರೆ ಚೆಂಡು ಏಳುವುದಿಲ್ಲ, ರೋಗಿಗೆ ತನ್ನಿಂದ ಆಗುವುದೇ ಇಲ್ಲ ಅನ್ನಿಸಿಬಿಡುತ್ತದೆ. ಮೊದಲು ನೆಟ್ಟಗೆ ಕೂರಿಸಿ. ಮೀಟರ್ ಇರಲಿ ಬಿಡಲಿ, ಎಚ್ಚರ ಇರುವಾಗ ಗಂಟೆಗೆ ಹತ್ತು ಉದ್ದ ಉಸಿರು, ನಿಧಾನವಾಗಿ, ಮೇಲೆ ಒಂದೆರಡು ಕ್ಷಣ ಹಿಡಿದು.

"ನೆಟ್ಟಗೆ ನಿಂತ್ರೆ ಹೊಲಿಗೆ ಬಿಟ್ಟುಹೋಗಲ್ವಾ? ನಮ್ಮಮ್ಮ ಬಗ್ಗಿಕೊಂಡೇ ನಡೀತಾರೆ."

ನೆಟ್ಟಗೆ ನಿಂತದ್ದಕ್ಕೆ, ನಡೆದದ್ದಕ್ಕೆ ಹೊಲಿಗೆ ಬಿಡುವುದಿಲ್ಲ. ಒಳಗಿನ ಪದರವನ್ನು ಈ ಓಡಾಟ ತಡೆಯುವ ಹಾಗೆಯೇ ಹೊಲಿದಿರುತ್ತಾರೆ. ಭಾರ ಎತ್ತುವುದು ಬೇರೆ ವಿಷಯ, ಅದು ಬೇಡ. ಬಗ್ಗಿ ನಡೆದರೆ ಹೊಟ್ಟೆ ಮಡಚಿ ಉಸಿರು ಮತ್ತೆ ಚಿಕ್ಕದಾಗುತ್ತದೆ, ಬೆನ್ನೂ ನೋಯುತ್ತದೆ. ನೋವಿನ ಮಾತ್ರೆ ತೆಗೆದುಕೊಂಡು ಅದು ಹಿಡಿದ ಮೇಲೆ, ಗಾಯಕ್ಕೆ ಕೈ ಆನಿಸಿಕೊಂಡು, ಗೋಡೆಯ ಪಕ್ಕದಲ್ಲಿ ನಿಧಾನವಾಗಿ ನೆಟ್ಟಗಾಗಲು ಹೇಳಿ.

"ಮನೆಗೆ ಬಂದ್ಮೇಲೆ ಎಷ್ಟು ದಿನ ಹೀಗೆ ನೋಡ್ಕೋಬೇಕು?"

ಉಸಿರಿನ ಬಲ ಮರಳಲು ಹತ್ತು ದಿನದವರೆಗೆ ಹಿಡಿಯುತ್ತದೆ ಅಂತ ಹೇಳಿದೆನಲ್ಲ, ಕನಿಷ್ಠ ಅಲ್ಲಿಯವರೆಗೆ. ಮನೆಯಲ್ಲಿ ಮೆತ್ತನೆಯ, ತಗ್ಗಾದ ಸೋಫಾ ಬೇಡ. ಅದರಲ್ಲಿ ಕೂತರೆ ಸೊಂಟ ಮೊಣಕಾಲಿಗಿಂತ ಕೆಳಗೆ ಹೋಗಿ ಹೊಟ್ಟೆ ಒತ್ತಿಕೊಳ್ಳುತ್ತದೆ, ಏಳುವುದೂ ಕಷ್ಟ. ಪಾದ ನೆಲಕ್ಕೆ ತಾಗುವ, ಕೈ ಇಡಲು ಆಗುವ ಗಟ್ಟಿ ಕುರ್ಚಿ ಸಾಕು. ಏದುಸಿರು ದಿನದಿಂದ ದಿನಕ್ಕೆ ಹೆಚ್ಚಾಗುತ್ತಿದ್ದರೆ, ಜ್ವರ ಬಂದರೆ, ಕಫದ ಬಣ್ಣ ಬದಲಾದರೆ, ಎದೆ ನೋವು ಬಂದರೆ, ಒಂದೇ ಕಾಲು ಊದಿದರೆ, ವಯಸ್ಸಾದವರು ಇದ್ದಕ್ಕಿದ್ದಂತೆ ಗಲಿಬಿಲಿಯಿಂದ ಮಾತಾಡತೊಡಗಿದರೆ, ಭಂಗಿ ಸರಿಮಾಡುತ್ತಾ ಕೂರಬೇಡಿ. ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.